ನೂರ ಇಪ್ಪತ್ತೆಂಟು ಕಿಲೋ ಗಾಳಿ

ಮೊದಲ ಪುಟ (ಜೂನ್ 21ರಂದು ಬರೆದದ್ದು)

ಯಾವ ಪುಸ್ತಕ ಶುರು ಮಾಡಿದರೂ ಮೊದಲ ಪುಟ ಖಾಲಿ ಬಿಟ್ಟು, ಎಲ್ಲ ಮುಗಿದ ಮೇಲೆ ಒಟ್ಟು ಖರ್ಚನ್ನು ಅಲ್ಲಿ ಬರೆಯುವುದು ನನ್ನ ರೂಢಿ. ತೆರೆದವರಿಗೆ ಮೊದಲು ಪೆಟ್ಟು ಕಾಣಬೇಕು, ಕಥೆ ಆಮೇಲೆ. ಈ ಪುಸ್ತಕವನ್ನು ತೆರೆಯುವವಳು ನಾನೊಬ್ಬಳೇ ಆದರೂ ರೂಢಿ ತಪ್ಪಿಸುವುದು ಬೇಡ.

ಗ್ಯಾಸ್ ಹಿಡಿಯುವ ಮೆಷಿನ್ನಿನ ಬಾಡಿಗೆ ಐವತ್ನಾಲ್ಕು ಸಾವಿರ. ಸುಡಿಸಿದ್ದಕ್ಕೆ ಮೂವತ್ತೇಳು ಸಾವಿರ. ಡೀಸೆಲ್ ನಾಲ್ಕು ಸಾವಿರ ಚಿಲ್ಲರೆ. ಸ್ವಂತಕ್ಕೆ ಕೊಂಡ ಹಳೆಯ ಮೆಷಿನ್, ಎಪ್ಪತ್ತು ಹೇಳಿದ್ದನ್ನು ಜಗ್ಗಾಡಿ ಅರವತ್ತೆರಡು ಸಾವಿರ. ಕೈತಪ್ಪಿದ ಆಸ್ಪತ್ರೆ ಕಟ್ಟಡದ ಬಾಬ್ತು, ಬರೆಯಲು ಕೈ ಏಳುತ್ತಿಲ್ಲ. ತಮ್ಮನ ಮುನಿಸು ನಾಲ್ಕು ವಾರ. ಬೈಗುಳ ಸುಮಾರು ನೂರು ಪುಟ, ಅವಕ್ಕೆ ಖರ್ಚಿಲ್ಲ, ಡಾಕ್ಟರೇ ಬರೆಯಲು ಹೇಳಿದ್ದು.

ಮಾರ್ಚ್ 3, ಸೋಮವಾರ

ಗಂಟಲಿನ ಡಾಕ್ಟರು ಬಾಯೊಳಗೆ ದೀಪ ಬಿಟ್ಟು ನೋಡಿ ಕೇಳಿದರು, "ದಿನಕ್ಕೆ ಎಷ್ಟು ಮಾತಾಡ್ತೀರಮ್ಮ?"

"ವ್ಯಾಪಾರಕ್ಕೆ ಎಷ್ಟು ಬೇಕೋ ಅಷ್ಟು."

ಹಿಂದೆ ನಿಂತಿದ್ದ ನಮ್ಮ ಯಜಮಾನರು ಕೆಮ್ಮಿದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಮಾತಿನ ಬದಲು ಹಾರ್ನು ಹೊಡೆಯುವ ಅಭ್ಯಾಸ, ಹಾರ್ನು ಇಲ್ಲದ ಕಡೆ ಕೆಮ್ಮು.

ಗಂಟಲಲ್ಲಿ ಒಂದು ಗಂಟು ಎದ್ದಿದೆಯಂತೆ. ಅದರ ಪಕ್ಕದಿಂದ ಗಾಳಿ ಸೋರುತ್ತದಂತೆ, ಅದಕ್ಕೇ ದನಿಯಲ್ಲಿ ಬುಸ್ ಎನ್ನುವ ಶಬ್ದ. ಮಾತು ಅರ್ಧಕ್ಕೆ ಇಳಿಸಬೇಕು, ತಡೆಯಲಾಗದ್ದನ್ನು ಬರೆದಿಡಬೇಕು. ಕೂಗಾಟ ಪೂರ್ತಿ ನಿಷೇಧ. ನನ್ನ ಬಂಡವಾಳವೇ ಬಾಯಿ. ಒಂದು ಕೆಟ್ಟ ಟೇಬಲ್ ಫ್ಯಾನು ಕೊಂಡು, ಬಿಚ್ಚಿ, ತಂತಿ ಮಾರಿ, ಬಾಯಿಯ ಬಲದಿಂದಲೇ ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ದೊಡ್ಡ ಯಾರ್ಡು ಮಾಡಿದವಳು ನಾನು. ಈಗ ಹಳೆಯ ಏಸಿ, ಹಳೆಯ ಫ್ರಿಜ್ಜು ಕೊಳ್ಳುತ್ತೇವೆ, ಒಡೆದು ತಾಮ್ರ ಬೇರೆ, ಅಲ್ಯೂಮಿನಿಯಂ ಬೇರೆ ಮಾಡಿ ಮಾರುತ್ತೇವೆ. ತಮ್ಮ ಕೈಕೆಲಸಕ್ಕೆ, ನಾನು ಬಾಯಿಕೆಲಸಕ್ಕೆ.

ಬಾಯಿಗೆ ಬೀಗ ಬಿದ್ದ ದಿನವೇ ಯಾರ್ಡಿಗೂ ಬೀಗ ಹಾಕುವ ಕಾಗದ ಬಂದಿದೆ. ಜುಲೈ ಒಂದರಿಂದ ದೊಡ್ಡ ಕಟ್ಟಡಗಳ ಹಳೆಯ ಏಸಿಗಳನ್ನು ಪ್ರಮಾಣಪತ್ರ ಇರುವ ಯಾರ್ಡಿಗೆ ಮಾತ್ರ ಕೊಡಬೇಕಂತೆ. ಏಸಿಯೊಳಗಿನ ಗ್ಯಾಸನ್ನು ಗಾಳಿಗೆ ಬಿಡದೆ ಹಿಡಿಯಲು ಕಲಿತವರಿಗೆ ಮಾತ್ರ ಆ ಪತ್ರ. ವರ್ಷಕ್ಕೆ ಎರಡು ದೊಡ್ಡ ಕಟ್ಟಡ ಸಿಕ್ಕರೆ ನಮ್ಮ ಒಲೆ ಉರಿಯುತ್ತದೆ. ಸಿಗದಿದ್ದರೆ ಬೇರೆ ದಾರಿ ಹುಡುಕಬೇಕು. ಐವತ್ಮೂರನೇ ವಯಸ್ಸಿಗೆ, ಅರ್ಧ ಬಾಯಿಯಲ್ಲಿ.

ಮಾರ್ಚ್ 5, ಬುಧವಾರ

ಪತ್ರ ಕೊಡಿಸುವುದು ಒಂದು ಪರಿಸರ ಕಂಪನಿ. ಕಚೇರಿಗೆ ಹೋಗಿದ್ದೆ. ಭೂಮಿ ಬಿಸಿಯಾಗುತ್ತಿದೆ ಎಂದು ಗೋಡೆಯ ತುಂಬಾ ಬರೆದಿದ್ದಾರೆ. ಒಳಗೆ ಎಂಥ ಚಳಿ ಎಂದರೆ ಬಾಗಿಲ ಹುಡುಗಿ ಶಾಲು ಹೊದ್ದು ಕೂತಿದ್ದಳು.

ವ್ಯವಸ್ಥಾಪಕರು ಪರದೆಯ ಮೇಲೆ ಒಂದಾದ ಮೇಲೊಂದು ಚಿತ್ರ ತೋರಿಸಿದರು. ಕರಡಿ, ಮಂಜು, ಒಂದು ಮಗುವಿನ ಅಂಗೈಯಲ್ಲಿ ಮೊಳಕೆ, ಮತ್ತೆ ಕರಡಿ. ಇವರನ್ನು ಸ್ಲೈಡಪ್ಪ ಎಂದೇ ಬರೆಯುತ್ತೇನೆ.

"ಮೇಡಂ, ನಾವು ವ್ಯಾಪಾರಿಗಳಲ್ಲ. ನಾವು ಭೂಮಿಯ ಕಾವಲುಗಾರರು."

"ಕಾವಲುಗಾರರಿಗೆ ಸಂಬಳ ಕೊಡೋರು ಯಾರು?"

ಸ್ಲೈಡು ಬದಲಾಯಿತು. ನಾವು ಹಿಡಿದ ಗ್ಯಾಸಿನ ತೂಕದ ಮೇಲೆ ಇವರು ಒಂದು ಕಾಗದ ಮಾಡುತ್ತಾರೆ, ಅದಕ್ಕೆ ಕ್ರೆಡಿಟ್ ಎಂದು ಹೆಸರು. ವಿಮಾನ ಹಾರಿಸುವ ಒಂದು ಕಂಪನಿ ಅದನ್ನು ಕೊಳ್ಳುತ್ತದೆ. ಅವರ ಹೊಗೆ ನಮ್ಮ ಗ್ಯಾಸಿಗೆ ವಜಾ.

"ಅಂದ್ರೆ ನಾನು ಉಗುಳದೆ ನುಂಗಿಕೊಂಡ್ರೆ, ಅವರು ಉಗುಳಬಹುದು."

"ನೀವು ತುಂಬಾ ಸಿಂಪಲ್ಲಾಗಿ ಹೇಳ್ತೀರ ಮೇಡಂ."

"ಗಂಟಲು ಸರಿ ಇಲ್ಲ ಸಾರ್. ಇಲ್ಲಾಂದ್ರೆ ಉದ್ದಕ್ಕೇ ಹೇಳ್ತಿದ್ದೆ."

ಒಪ್ಪಂದ ಇಷ್ಟು. ದುರಸ್ತಿಗೆಂದು ಮುಚ್ಚಿದ ಒಂಬತ್ತು ಮಹಡಿಯ ಒಂದು ಹೋಟೆಲ್ಲಿನ ಹಳೆಯ ಏಸಿಗಳನ್ನೆಲ್ಲ ನಾವು ಬಿಚ್ಚಬೇಕು. ತಾಮ್ರ, ಅಲ್ಯೂಮಿನಿಯಂ ನಮಗೆ, ಗ್ಯಾಸು ಅವರಿಗೆ. ಮೆಷಿನ್ನು ಬಾಡಿಗೆಗೆ. ಮೇ ಕೊನೆಗೆ ನೂರೈವತ್ತು ಕಿಲೋ ಗ್ಯಾಸು ಹಿಡಿದು ತೋರಿಸಿದರೆ ಪ್ರಮಾಣಪತ್ರ. ಸಹಿ ಹಾಕಿದೆ. ಬೇರೆ ದಾರಿ ಇದ್ದಿದ್ದರೆ ಆ ಕರಡಿಯ ಮೇಲೆ ಆಣೆ, ಹಾಕುತ್ತಿರಲಿಲ್ಲ.

ಮಾರ್ಚ್ 11, ಮಂಗಳವಾರ

ಕಲಿಸಲು ಕಂಪನಿಯ ಎಂಜಿನಿಯರಮ್ಮ ಯಾರ್ಡಿಗೇ ಬಂದಳು. ಮೂವತ್ತರ ಆಸುಪಾಸು, ಎಣ್ಣೆ ಕಲೆಯ ಪ್ಯಾಂಟು. ಸ್ಲೈಡು ತಂದಿರಲಿಲ್ಲ, ಅದೊಂದು ಸಮಾಧಾನ.

ನಮ್ಮ ಪದ್ಧತಿ ಎರಡು ನಿಮಿಷದ್ದು. ತಾಮ್ರದ ಪೈಪಿಗೆ ಕತ್ತರಿ ಹಾಕಿದರೆ ಬುಸ್ ಎಂದು ಗ್ಯಾಸು ಹೋಗುತ್ತದೆ, ಆಮೇಲೆ ಬಿಚ್ಚುವುದು. ಅವಳ ಪದ್ಧತಿ ಅರ್ಧ ಗಂಟೆಯದು. ಪೈಪಿಗೆ ಮೆಷಿನ್ನು ಜೋಡಿಸಿ, ಗ್ಯಾಸನ್ನು ಎಳೆದು ಸಿಲಿಂಡರಿಗೆ ತುಂಬಿ, ತೂಗಿ, ಬರೆದು, ಆಮೇಲೆ ಬಿಚ್ಚುವುದು. ಒಂದು ಮಾತನ್ನು ಮೂರು ಸಲ ಹೇಳಿದಳು. ಹಳೆ ಏಸಿಗಳ ಹಳೆ ಗ್ಯಾಸಿನ ಜಾತಿ ಬೇರೆ, ಈಚಿನವುಗಳ ಹೊಸ ಗ್ಯಾಸಿನ ಜಾತಿ ಬೇರೆ, ಒಂದೇ ಸಿಲಿಂಡರಿನಲ್ಲಿ ಎರಡೂ ಸೇರಬಾರದು. ಬೇರೆಬೇರೆ ಇದ್ದರೆ ಶುದ್ಧ ಮಾಡಿ ಮತ್ತೆ ಬಳಸಬಹುದು. ಸೇರಿದರೆ ಯಾವುದಕ್ಕೂ ಬಾರದು, ಭಾರೀ ಕುಲುಮೆಯಲ್ಲಿ ಸುಡುವುದೊಂದೇ ದಾರಿ.

ತಮ್ಮ ಬೀಡಾ ಅಗಿಯುವವನ ಹಾಗೆ ದವಡೆ ಆಡಿಸಿದ. "ಟೀಚರಮ್ಮ, ಅರ್ಧ ಗಂಟೆ ಎಳೆದ್ರೆ ಬರೋದು ಮುಕ್ಕಾಲು ಕಿಲೋ. ಬಣ್ಣ ಇಲ್ಲ, ವಾಸನೆ ಇಲ್ಲ. ಇದನ್ನ ಹಿಡಿದು ಯಾರನ್ನ ಉದ್ಧಾರ ಮಾಡೋದು?"

"ಅಣ್ಣ, ಇದರ ಒಂದು ಕಿಲೋ ಎರಡು ಸಾವಿರ ಕಿಲೋ ಕಾರ್ಬನ್ ಹೊಗೆಗೆ ಸಮ, ಹೆಚ್ಚೂಕಮ್ಮಿ. ಒಂದು ಕಾರು ಹತ್ತು ಸಾವಿರ ಕಿಲೋಮೀಟರ್ ಓಡಿದ ಹಾಗೆ."

"ಒಂದು ಕಿಲೋಗೆ?"

"ಒಂದು ಕಿಲೋಗೆ."

ತಮ್ಮ ನಕ್ಕ. ನಾನು ನಗಲಿಲ್ಲ, ಗಂಟಲಿಗೆ ಆಗದು. ಮನೆಗೆ ಬಂದು ಇಪ್ಪತ್ತೆರಡು ವರ್ಷಕ್ಕೆ ಗುಣಿಸಲು ಕೂತೆ. ಗುಣಾಕಾರ ಪುಟ ದಾಟಿತು, ಬಿಟ್ಟೆ. ಕರೆಂಟು ದಂಡ.

ಮಾರ್ಚ್ 20, ಗುರುವಾರ

ಹೋಟೆಲ್ಲಿನ ಕೆಲಸ ಶುರು. ಕೋಣೆಗಳಲ್ಲಿ ಹಾಸಿಗೆಯಿಲ್ಲದ ಮಂಚ, ಗೋಡೆಯಲ್ಲಿ ಕನ್ನಡಿ ಇದ್ದ ಜಾಗದ ಗುರುತು, ಬಚ್ಚಲಲ್ಲಿ ಯಾರೋ ಮರೆತ ಹಲ್ಲುಜ್ಜುವ ಬ್ರಶ್ಶು. ಹೊರಗೋಡೆಗೆ ಏಸಿಯ ಪೆಟ್ಟಿಗೆಗಳು ಸಾಲಾಗಿ ತೂಗಿಕೊಂಡಿವೆ. ಮೆಷಿನ್ನು ನಾಯಿ ಗುರುಗುಟ್ಟಿದ ಹಾಗೆ ಸದ್ದು ಮಾಡುತ್ತದೆ. ಇಡೀ ದಿನಕ್ಕೆ ಒಂಬತ್ತು ಪೆಟ್ಟಿಗೆ, ಆರು ಕಿಲೋ. ಹಳೇ ಪದ್ಧತಿಯಲ್ಲಿ ಈ ಹೊತ್ತಿಗೆ ಎರಡು ಮಹಡಿ ಬೋಳಾಗುತ್ತಿತ್ತು.

ಕಾವಲುಗಾರರ ಕಂಪನಿಗೆ ನನ್ನ ನಮಸ್ಕಾರ. ಅವರ ಕಾವಲು, ನಮ್ಮ ಕೈನೋವು.

ಮಾರ್ಚ್ 27, ಗುರುವಾರ

ಹನ್ನೆರಡು ಪೆಟ್ಟಿಗೆ. ಮಾತಾಡಲಿಲ್ಲ, ಬಯ್ಯಲೂ ಇಲ್ಲ. ಮೈಕೈ ನೋವು.

ಏಪ್ರಿಲ್ 4, ಶುಕ್ರವಾರ

ಸ್ಲೈಡಪ್ಪ ಫೋಟೋದವರನ್ನು ಕರೆತಂದರು. ಹೊಚ್ಚಹೊಸ ಹೆಲ್ಮೆಟ್ಟು, ಬೆಲೆ ಚೀಟಿ ಹಿಂದೆ ನೇತಾಡುತ್ತಿತ್ತು. ನಾನು ಹೇಳಲಿಲ್ಲ. ಮಾತು ಉಳಿಸಬೇಕಲ್ಲ.

ಮೆಷಿನ್ನಿನ ಗುರುಗುಟ್ಟುವಿಕೆ ವಿಡಿಯೋಗೆ ತೊಂದರೆಯೆಂದು ನಿಲ್ಲಿಸಿದರು. ಏನಕ್ಕೂ ಜೋಡಿಸದ ಪೈಪೊಂದನ್ನು ನನ್ನ ಕೈಗೆ ಕೊಟ್ಟು, ದೂರ ನೋಡಿ ಎಂದರು.

"ದೂರ ಎಲ್ಲಿ ನೋಡ್ಲಿ?"

"ಭವಿಷ್ಯದ ಕಡೆ ಮೇಡಂ."

ಆ ದಿಕ್ಕಿಗೆ ಹೋಟೆಲ್ಲಿನ ಶೌಚಾಲಯದ ಟ್ಯಾಂಕು ಇತ್ತು. ಅದನ್ನೇ ನೋಡಿದೆ. ಆಮೇಲೆ ಅಂಗಳದಲ್ಲಿ ಗಿಡ ನೆಟ್ಟರು. ಕುಂಡದಿಂದ ತೆಗೆಯದೆ, ಕುಂಡದ ಸಮೇತ ಗುಂಡಿಗೆ ಇಟ್ಟರು, ಏಕೆಂದರೆ ಅದು ಕಚೇರಿಯ ಗಿಡವಂತೆ, ಸಂಜೆ ವಾಪಸ್ಸು ಬೇಕಂತೆ. ಎಂಜಿನಿಯರಮ್ಮ ಮೆಟ್ಟಿಲ ಮೇಲೆ ಕೂತು ತೂಕದ ಚೀಟಿ ಬರೆಯುತ್ತಿದ್ದಳು. ಫೋಟೋಗೆ ಕರೆದರೆ, ಕೈ ಕೊಳೆಯಾಗಿದೆ ಎಂದಳು. ಈ ಹುಡುಗಿ ಆ ಕಂಪನಿಯಲ್ಲಿ ಬಹಳ ದಿನ ಬಾಳುವುದಿಲ್ಲ.

ಅವರ ಫೋಟೋದಿಂದ ನಮಗೆ ಎರಡು ಪೆಟ್ಟಿಗೆ ನಷ್ಟ.

ಏಪ್ರಿಲ್ 15, ಮಂಗಳವಾರ

ನಮ್ಮ ಯಾರ್ಡಿನ ಎದುರಿಗೆ ಇನ್ನೊಂದು ಯಾರ್ಡಿದೆ. ಅದರವನನ್ನು ಎಲ್ಲರೂ ಕರೆಯುವುದೇ ಕತ್ತರಿ ಎಂದು, ಅಷ್ಟು ವೇಗ ಅವನ ಕೈಗೆ. ಬೆಳಿಗ್ಗೆ ಒಂದು ಲಾರಿ ಫ್ರಿಜ್ಜು ಇಳಿಸಿಕೊಂಡು, ಬೀದಿಯಲ್ಲೇ ಪೈಪು ಕತ್ತರಿಸುತ್ತಾ ಹೋದ. ಬುಸ್. ಬುಸ್. ಬುಸ್. ನನಗೆ ಎಲ್ಲಿತ್ತೋ ಸಿಟ್ಟು, ರಸ್ತೆ ದಾಟಿ ಹೋಗಿ ಕೂಗಿದೆ. ಡಾಕ್ಟರು ಬೇಡವೆಂದ ಕೂಗನ್ನೇ ಕೂಗಿದೆ.

ಅವನು ಕತ್ತರಿ ಹಿಡಿದು ನಿಂತ. "ಏನಕ್ಕಾ, ನಿನ್ನ ಗಂಟೇನು ಹೋಯ್ತು?"

ಪೈಪನ್ನು ಬಹಳ ಮೋಟಾಗಿ ಕತ್ತರಿಸ್ತಿದೀಯ, ತಾಮ್ರ ದಂಡ ಆಗುತ್ತೆ ಎಂದೆ. ಅವನಿಗೆ ನಾನು ತಾಮ್ರ ಉಳಿಸಿಕೊಡಬೇಕೆ? ಈ ಗಂಟಲು ನೋವಿನಲ್ಲಿ ಬುದ್ಧಿಯೂ ನೆಟ್ಟಗಿಲ್ಲ.

ಏಪ್ರಿಲ್ 16, ಬುಧವಾರ

ದನಿ ಪೂರ್ತಿ ಕಟ್ಟಿದೆ. ಯಜಮಾನರು ಬಿಸಿನೀರು ಕಾಸಿ ಕೊಟ್ಟರು. ಕತ್ತರಿಯ ಮೇಲಿನ ಕೋಪ ಇನ್ನೂ ಇದೆ. ಎಲ್ಲ ತಾಮ್ರದ ವಿಷಯಕ್ಕೆ.

ಮೇ 8, ಗುರುವಾರ

ಎಲ್ಲ ಬಿಚ್ಚಿ ಮುಗಿಯಿತು. ಮುಗಿದ ದಿನವೇ ಎಡವಟ್ಟು ಬಯಲಾಯಿತು.

ಎಂಜಿನಿಯರಮ್ಮ ಸಿಲಿಂಡರುಗಳನ್ನು ಒಂದೊಂದಾಗಿ ಪರೀಕ್ಷಿಸಿದಳು. ಅಂಗೈಯಗಲದ ಯಂತ್ರ, ಮೂಗು ತೂರಿಸಿದರೆ ಒಳಗೆ ಏನಿದೆಯೆಂದು ಹೇಳುತ್ತದೆ. ದೊಡ್ಡ ಸಿಲಿಂಡರಿನ ಹತ್ತಿರ ಎರಡು ಸಲ ನೋಡಿದಳು. "ಅಮ್ಮ, ಇದರಲ್ಲಿ ಎರಡೂ ಸೇರಿದೆ."

ನಲವತ್ತೊಂದು ಕಿಲೋ. ತಮ್ಮನ ಮುಖ ಸುಣ್ಣವಾಯಿತು.

"ಆರನೇ ಮಹಡಿ ಪೆಟ್ಟಿಗೆ ಮೇಲೆಲ್ಲಾ ಹಳೇ ಗ್ಯಾಸು ಅಂತಾನೇ ಸ್ಟಿಕರ್ ಇತ್ತು ಅಕ್ಕ. ನೋಡಿಯೇ ಜೋಡಿಸಿದ್ದು. ನನ್ನ ಕಣ್ಣೇನು ಹೋಗಿಲ್ಲ."

ಬಿಚ್ಚಿ ರಾಶಿ ಹಾಕಿದ್ದ ಆರನೇ ಮಹಡಿಯ ತಗಡಿನ ಮುಚ್ಚಳಗಳನ್ನು ತಿರುಗಿಸಿ ನೋಡಿದೆ. ಒಳಮೈಯಲ್ಲಿ ಹಸಿರು ಬಣ್ಣದ ಗೀಟು. ಅದು ನಮ್ಮ ಯಾರ್ಡಿನ ಗುರುತು, ನಾವು ಮಾರುವ ಪ್ರತಿ ಬಿಡಿಭಾಗಕ್ಕೂ ಹಾಕುವುದು. ನಾಲ್ಕು ವರ್ಷದ ಹಿಂದೆ ಬಿರುಗಾಳಿಗೆ ಈ ಹೋಟೆಲ್ಲಿನ ಆರನೇ ಮಹಡಿಯ ಏಸಿ ಮುಚ್ಚಳಗಳು ಹಾರಿಹೋಗಿದ್ದವು. ಅಳತೆ ಕೂಡುವ ಹಳೆಯ ಮುಚ್ಚಳ ಸಾಲುಸಾಲು ಮಾರಿದವರು ನಾವೇ. ಕೂರಿಸಿಕೊಟ್ಟವನು ಇದೇ ತಮ್ಮ. ಒಳಗೆ ಹೊಸ ಯಂತ್ರ, ಮೇಲೆ ನಮ್ಮ ಹಳೆಯ ಮುಚ್ಚಳ, ಮುಚ್ಚಳದ ಮೇಲೆ ಹಳೆಯ ಸ್ಟಿಕರು.

"ಅಂದ್ರೆ ನಾವು ಮಾರಿದ ಸ್ಟಿಕರ್ ಓದಿ ನಾವೇ ಮೋಸ ಹೋದ್ವಿ," ಎಂದೆ.

ಎಂಜಿನಿಯರಮ್ಮ ನಗು ತಡೆಯಲು ಆ ಕಡೆ ತಿರುಗಿದಳು. ತಮ್ಮ ಮಾತ್ರ ನಗಲಿಲ್ಲ.

ಲೆಕ್ಕ ಈಗ ಹೀಗಿದೆ. ಶುದ್ಧ ಗ್ಯಾಸು ಎಂಬತ್ತೇಳು ಕಿಲೋ. ಕೆಟ್ಟದ್ದು ನಲವತ್ತೊಂದು. ಎರಡೂ ಸೇರಿ ನೂರ ಇಪ್ಪತ್ತೆಂಟು. ಬೇಕಾದದ್ದು ನೂರೈವತ್ತು. ಹಳೆಯ ಏಸಿಗಳಲ್ಲಿ ಮೂರರಲ್ಲೊಂದು ಪಾಲು ಗ್ಯಾಸು ಎಂದೋ ಸೋರಿ ಹೋಗಿರುತ್ತದೆ, ಇದನ್ನು ಸ್ಲೈಡಪ್ಪನ ಯಾವ ಸ್ಲೈಡಿನಲ್ಲೂ ಬರೆದಿರಲಿಲ್ಲ.

ಮೇ 13, ಮಂಗಳವಾರ

ಸ್ಲೈಡಪ್ಪನ ಕೋಣೆ. ಈ ಸಲ ಕರಡಿ ಇಲ್ಲ, ಬಾಗಿಲು ಮುಚ್ಚಿತ್ತು.

"ನೂರ ಇಪ್ಪತ್ತೆಂಟು ಅಂತ ಯಾಕೆ ಬರೀತೀರ ಮೇಡಂ? ಪ್ರತಿ ಪೆಟ್ಟಿಗೆ ಮೇಲೂ ಸ್ಟಿಕರ್ ಇದೆ. ಎಷ್ಟು ಗ್ಯಾಸು ತುಂಬಿದ್ರು ಅಂತ ಅದ್ರಲ್ಲೇ ಇದೆ. ಎಲ್ಲಾ ಕೂಡಿಸಿದ್ರೆ ನೂರ ತೊಂಬತ್ತಾರು."

"ಅದು ಅಂಗಡಿಯಿಂದ ಬಂದ ದಿನದ ತೂಕ. ಈಗಿನದ್ದಲ್ಲ."

"ವಿಮಾನದವರು ತಕ್ಕಡಿ ತರಲ್ಲ. ಕಾಗದ ನೋಡ್ತಾರೆ."

"ಸಾರ್, ಆ ಸ್ಟಿಕರ್‌ಗಳಲ್ಲಿ ಒಂದು ಮಹಡಿದು ನಾನೇ ಮಾರಿದ್ದು."

ಅವರಿಗೆ ಅರ್ಥವಾಗಲಿಲ್ಲ, ಬೇಕೂ ಇರಲಿಲ್ಲ. ಇನ್ನೊಂದು ಮಾತಿತ್ತು. ಆ ಕೆಟ್ಟ ಸಿಲಿಂಡರು ಸುಡುವ ಕಾರ್ಖಾನೆಗೆ ಹೋಗಬಾರದು. ಅಲ್ಲಿ ತೂಗಿ ಚೀಟಿ ಕೊಡುತ್ತಾರೆ. ನಿಜವಾದ ತೂಕದ ಚೀಟಿ ಒಂದು ಹೊರಬಿದ್ದರೆ ಉಳಿದ ಕಾಗದವನ್ನೂ ಯಾರಾದರೂ ಕೆದಕುತ್ತಾರೆ.

"ಹಾಗಾದ್ರೆ ಅದನ್ನ ಏನು ಮಾಡೋದು?"

"ಯಾರ್ಡಿನಲ್ಲಿ ಒಂದು ಮೂಲೆಗೆ ಇಟ್ಟು ವಾಲ್ವ್ ತಿರುಗಿಸಿ. ಅದು ಹೇಗೂ ಕೆಟ್ಟಿರೋ ಮಾಲು. ಕಾಗದದಲ್ಲಿ ಅದು ಆಗಲೇ ಉಳಿದಾಗಿದೆ." ಮೇಜಿನ ಖಾನೆಯಿಂದ ಪ್ರಮಾಣಪತ್ರ ತೆಗೆದು ತೋರಿಸಿದರು. ನಮ್ಮ ಯಾರ್ಡಿನ ಹೆಸರು ಅಚ್ಚಾಗಿತ್ತು, ದಪ್ಪ ಅಕ್ಷರ, ಅಂಚಿಗೆ ಎಲೆಯ ಬಳ್ಳಿ. "ಖಾಲಿ ಸಿಲಿಂಡರು ತನ್ನಿ, ಇದನ್ನ ತಗೊಂಡು ಹೋಗಿ. ಇದಾದ ಮೇಲೆ ಬಿಚ್ಚೋಕಿರೋ ಆಸ್ಪತ್ರೆ ಕಟ್ಟಡದ ಕೆಲಸಾನೂ ನಿಮಗೇ."

ನನ್ನ ವ್ಯಾಪಾರದಲ್ಲಿ ತಕ್ಕಡಿಗೆ ಬೆರಳು ಒತ್ತುವವರನ್ನು ಕಂಡಿದ್ದೇನೆ, ಕಲ್ಲು ಬದಲಾಯಿಸುವವರನ್ನು ಕಂಡಿದ್ದೇನೆ. ತಟ್ಟೆಯಲ್ಲಿ ಏನೂ ಇಲ್ಲದೆ ಅರವತ್ತೆಂಟು ಕಿಲೋ ತೂಗಿದ ಗಂಡಸನ್ನು ಇವತ್ತೇ ಕಂಡದ್ದು. ಅದೂ ತಂಪಾದ ಕೋಣೆಯಲ್ಲಿ, ಬೆವರದೆ.

ನಾಳೆ ತಿರುಗಿಸುತ್ತೇನೆ. ಕಟ್ಟಡ ಬೇಕು.

ಮೇ 14, ಬುಧವಾರ

ಮಧ್ಯಾಹ್ನ ಊಟದ ಹೊತ್ತು, ಯಾರ್ಡಿನಲ್ಲಿ ನಾನು, ತಮ್ಮ, ಸಿಲಿಂಡರು. ವಾಲ್ವಿಗೆ ಕೈ ಹಾಕಿ ಕಾಲು ಸುತ್ತು ತಿರುಗಿಸಿದೆ. ಬುಸ್ ಎಂದಿತು. ಮುಚ್ಚಿದೆ.

"ಏನಾಯ್ತಕ್ಕಾ?"

"ಏನಿಲ್ಲ. ಶಬ್ದ ಜಾಸ್ತಿ."

"ಇಪ್ಪತ್ತೆರಡು ವರ್ಷ ಇದೇ ಶಬ್ದ ಕೇಳಿದೀಯ."

ಮತ್ತೆ ತಿರುಗಿಸಿದೆ, ಮತ್ತೆ ಮುಚ್ಚಿದೆ. ಸೆಕೆಂಡಿಗೆ ಎಷ್ಟು ಹೋಗುತ್ತದೋ ಅಷ್ಟನ್ನು ಎರಡು ಸಾವಿರದಿಂದ ಗುಣಿಸುವ ಕೆಟ್ಟ ಚಾಳಿ ತಲೆಗೆ ಹತ್ತಿಬಿಟ್ಟಿದೆ. ಎಂಜಿನಿಯರಮ್ಮ ಮಾಡಿದ ಮಾಟ ಇದು. ನನಗೆ ಒಂದು ಸಂಖ್ಯೆ ಕೊಟ್ಟರೆ ಬಿಡಲಾರೆ ಎಂದು ಅವಳಿಗೆ ಯಾರು ಹೇಳಿದರೋ.

"ಸುಡಿಸೋಣ," ಎಂದೆ.

ತಮ್ಮ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಹಾಕಿದ. "ಯಾರ ದುಡ್ಡಲ್ಲಿ?"

"ನಮ್ಮದೇ."

"ಪತ್ರ?"

"ಹೋಗುತ್ತೆ."

"ಆಸ್ಪತ್ರೆ ಕಟ್ಟಡ?"

ನಾನು ವಾಲ್ವನ್ನು ಇನ್ನಷ್ಟು ಬಿಗಿ ಮಾಡಿದೆ.

"ತಪ್ಪು ನಂದು ಅಕ್ಕ. ಅದಕ್ಕೆ ನೀನು ದುಡ್ಡು ಸುರಿದು ಊರೆಲ್ಲ ಗೊತ್ತು ಮಾಡ್ತೀಯ. ಒಂದು ವಾಲ್ವ್ ತಿರುಗಿಸಿದ್ರೆ ಮುಗೀತಿತ್ತು. ನನ್ನ ಮರ್ಯಾದೆಗಿಂತ ನಿನಗೆ ಗಾಳಿ ದೊಡ್ಡದಾಯ್ತಾ?"

"ಗಾಳಿಗೋಸ್ಕರ ಅಲ್ಲ ಕಣೋ. ಆ ಸ್ಲೈಡಪ್ಪ ಹೇಳಿದ ಹಾಗೆ ಕುಣಿಯೋಕೆ ನಾನೇನು ಅವನ ಕರಡಿಯಾ?"

ಇದೇ ನಿಜವಾದ ಕಾರಣ. ಬೇರೇನೂ ಇಲ್ಲ. ತಮ್ಮ ಚಪ್ಪಲಿ ಮೆಟ್ಟಿ ಹೋದವನು ಸಂಜೆ ಬರಲಿಲ್ಲ.

ಮೇ 19, ಸೋಮವಾರ

ಸಿಲಿಂಡರನ್ನು ಸಣ್ಣ ಲಾರಿಗೆ ಕಟ್ಟಿ ಹೊರಟೆವು. ಯಜಮಾನರು ನಿವೃತ್ತರಾದ ಮೇಲೆ ಇಷ್ಟು ಖುಷಿಯಾಗಿ ಸ್ಟೀರಿಂಗು ಹಿಡಿದದ್ದು ಇದೇ ಮೊದಲು. ಅರ್ಧ ದಾರಿಯಲ್ಲಿ ಮಾತಾಡಿದರು, "ಹೊಗೆ ಕಮ್ಮಿ ಮಾಡೋಕೆ ಅಂತ ಇಷ್ಟು ದೂರ ಡೀಸೆಲ್ ಸುಡ್ತಾ ಹೋಗ್ತಿದೀವಲ್ಲ, ಇದೇನು ಲೆಕ್ಕ?"

"ನಮ್ಮ ಡೀಸೆಲ್ ಹೊಗೆ ಹೋಗಿ ಬಂದು ನೂರೈವತ್ತು ಕಿಲೋನೂ ಆಗಲ್ಲ. ಹಿಂದೆ ಕಟ್ಟಿರೋದು ಎಂಬತ್ತೆರಡು ಸಾವಿರ."

ಅವರು ಹಾರ್ನು ಹೊಡೆದರು. ಎದುರಿಗೆ ಯಾರೂ ಇರಲಿಲ್ಲ.

ಸುಡುವುದು ಸಿಮೆಂಟು ಕಾರ್ಖಾನೆಯಲ್ಲಿ. ಬೂದಿ ಬಣ್ಣದ ರಾಕ್ಷಸನಂಥ ಕುಲುಮೆ, ಸುತ್ತ ಒಂದು ಹಸಿರು ಎಲೆ ಇಲ್ಲ, ಮರದ ಮೇಲೂ ಧೂಳು. ಇದರ ಚಿಮಣಿಯೇ ಇಷ್ಟು ಹೊಗೆ ಬಿಡುತ್ತದಲ್ಲ ಎಂದು ಕೇಳಿದೆ. ಎಂಜಿನಿಯರಮ್ಮ ರಜೆ ಹಾಕಿ ನಮಗಿಂತ ಮೊದಲೇ ಬಂದು ನಿಂತಿದ್ದಳು. "ಬಿಡುತ್ತೆ ಅಮ್ಮ. ಸಿಮೆಂಟಿಗಾಗಿ ಇದು ಹೇಗೂ ಉರೀತಾನೇ ಇರುತ್ತೆ. ಅದೇ ಬೆಂಕಿಗೆ ಇದನ್ನ ಹಾಕಿದ್ರೆ ಇದರ ವಿಷ ಮುರಿಯುತ್ತೆ. ಇದಕ್ಕಿಂತ ಚೆಂದದ ಜಾಗ ನನಗೆ ಗೊತ್ತಿಲ್ಲ." ಚೆಂದ ಮಾಡಿ ಹೇಳದ ಪರಿಸರದವರನ್ನು ನೋಡಿದ್ದು ಇವಳೊಬ್ಬಳನ್ನೇ.

ಸುಡುವ ಮೊದಲು ತೂಗಿದರು, ಸುಟ್ಟ ಮೇಲೆ ಖಾಲಿ ಸಿಲಿಂಡರನ್ನು ತೂಗಿದರು, ವ್ಯತ್ಯಾಸಕ್ಕೆ ಮೊಹರು ಒತ್ತಿ ಚೀಟಿ ಕೊಟ್ಟರು. ನಲವತ್ತೊಂದು ಕಿಲೋಗೆ ಸ್ವಲ್ಪ ಕಮ್ಮಿ. ಆ ಸ್ವಲ್ಪ ನಾನು ಎರಡು ಸಲ ವಾಲ್ವ್ ತಿರುಗಿಸಿದ್ದು. ಇರಲಿ, ನಲವತ್ತೊಂದೇ ಎಂದು ಬರೆಯೋಣವೆಂದರೆ ಕೈ ಒಪ್ಪಲಿಲ್ಲ. ನಲವತ್ತು ಕಿಲೋ ಎಂಟುನೂರು ಗ್ರಾಂ.

ಮೇ 30, ಶುಕ್ರವಾರ

ನಿಜವಾದ ತೂಕ ಬರೆದು ಕೊಟ್ಟೆ. ಸ್ಲೈಡಪ್ಪ ಓದಿ, ನನ್ನ ಎದುರಿಗೇ ಆ ಎಲೆಬಳ್ಳಿಯ ಪತ್ರವನ್ನು ಎರಡಾಗಿ ಹರಿದರು. "ನೀವು ಪರಿಸರಕ್ಕೆ ಬದ್ಧರಲ್ಲ ಮೇಡಂ."

ಇಷ್ಟಕ್ಕೆ ನಗಲು ಡಾಕ್ಟರ ಅನುಮತಿ ಕೇಳಬೇಕಿಲ್ಲ. ನಕ್ಕು ಹೊರಗೆ ಬಂದೆ.

ಎಂಜಿನಿಯರಮ್ಮ ಮೆಟ್ಟಿಲ ಹತ್ತಿರ ಕಾದಿದ್ದಳು. ನೂರೈವತ್ತು ಕಿಲೋ ಎನ್ನುವುದು ದೊಡ್ಡ ಕಟ್ಟಡಕ್ಕೆ ಮಾತ್ರವಂತೆ. ಮನೆಗಳ ಫ್ರಿಜ್ಜು, ಮನೆಗಳ ಏಸಿ ಬಿಚ್ಚಲು ಸರ್ಕಾರಿ ಕಚೇರಿಯ ಚಿಕ್ಕ ಪರವಾನಗಿ ಸಾಕಂತೆ, ಅದಕ್ಕೆ ಸಿಲಿಂಡರು ಪರೀಕ್ಷಿಸಿದ ಕಾಗದ ಮತ್ತು ಸುಡಿಸಿದ ಚೀಟಿ ಇದ್ದರೆ ಆಯಿತಂತೆ. ಕಾಗದಗಳನ್ನೆಲ್ಲ ಜೋಡಿಸಿ ತಂದಿದ್ದಳು.

"ಇದನ್ನ ಮೊದಲೇ ಹೇಳೋದಲ್ವೇನಮ್ಮ?"

"ನೀವು ವಾಲ್ವ್ ತಿರುಗಿಸ್ತೀರೋ ಇಲ್ವೋ ಗೊತ್ತಿರಲಿಲ್ಲ."

"ತಿರುಗಿಸಿದೆ. ಎರಡು ಸಲ."

"ಚೀಟಿ ನೋಡಿದೆ," ಎಂದಳು. ಇವಳ ಮುಂದೆ ನಾನು ಬಾಯಿ ಕಳೆದುಕೊಂಡದ್ದು ಗಂಟಲಿನಿಂದಲ್ಲ.

ಮನೆಯ ಫ್ರಿಜ್ಜೆಂದರೆ ಪುಡಿ ವ್ಯಾಪಾರ. ಒಂದು ಹೋಟೆಲ್ಲಿನಷ್ಟು ತಾಮ್ರಕ್ಕೆ ಎರಡು ಬೀದಿ ಅಲೆಯಬೇಕು.

ಜೂನ್ 6, ಶುಕ್ರವಾರ

ಪೇಪರಿನಲ್ಲಿ ಫೋಟೋ ಬಂದಿದೆ. ಸ್ಲೈಡಪ್ಪ ಫಲಕ ಹಿಡಿದಿದ್ದಾರೆ, ಪಕ್ಕದಲ್ಲಿ ಪ್ರಮಾಣಪತ್ರ ಹಿಡಿದು ಕತ್ತರಿ ನಿಂತಿದ್ದಾನೆ. ನೂರ ತೊಂಬತ್ತಾರು ಕಿಲೋ ಹಿಡಿದವನು ಅವನೇ ಅಂತೆ, ನಮ್ಮ ಹೋಟೆಲ್ಲಿನಲ್ಲೇ, ಸ್ಟಿಕರು ಓದಿ. ಆಸ್ಪತ್ರೆ ಕಟ್ಟಡವೂ ಅವನಿಗೆ. ಫೋಟೋದ ಮೂಲೆಯಲ್ಲಿ ಅದೇ ಕುಂಡದ ಗಿಡ. ಇನ್ನೂ ಯಾರೂ ಅದನ್ನು ನೆಟ್ಟಿಲ್ಲ.

ಜೂನ್ 12, ಗುರುವಾರ

ಹಳೆಯ ಮೆಷಿನ್ನು ಕೊಂಡು ತಂದೆ. ಯಜಮಾನರು ಸುತ್ತ ತಿರುಗಿ ನೋಡಿ, "ಇದಕ್ಕೂ ಬಿಸಿನೀರು ಬೇಕೇನೋ," ಎಂದರು, ಅಷ್ಟು ಗೊಗ್ಗರು ಅದರ ದನಿ.

ಸಂಜೆ ಗೇಟಿನ ಹತ್ತಿರ ತಮ್ಮ. ತಳ್ಳುಗಾಡಿಯಲ್ಲಿ ಒಂದು ಮುದಿ ಫ್ರಿಜ್ಜು. ನಾಲ್ಕು ವಾರ ಕತ್ತರಿಯ ಹತ್ತಿರ ದಿನಗೂಲಿಗೆ ಹೋಗುತ್ತಿದ್ದನೆಂದು ನನಗೆ ಗೊತ್ತಿತ್ತು. ಗೊತ್ತಿದೆ ಎಂದು ತೋರಿಸಿಕೊಂಡಿರಲಿಲ್ಲ.

"ಯಾರೋ ಬೀದಿಗೆ ಹಾಕಿದ್ರು, ತಂದೆ," ಎಂದ.

"ಎದುರುಗಡೆ ಯಾರ್ಡೇ ಹತ್ತಿರ ಇತ್ತಲ್ಲ."

"ಅಲ್ಲಿ ಮಾತಾಡೋಕಾಗಲ್ಲ ಅಕ್ಕ. ಇಡೀ ದಿನ ಬುಸ್ ಬುಸ್." ಚಪ್ಪಲಿ ಬಿಟ್ಟು ಒಳಗೆ ಬಂದ, ಗೋಡೆಗೆ ನೇತುಹಾಕಿದ್ದ ತನ್ನ ಹಳೇ ಪೈಪು ಕತ್ತರಿಯ ಕಡೆ ನೋಡಲೂ ಇಲ್ಲ. "ಮೆಷಿನ್ನು ಎಲ್ಲಿ?"

ತೋರಿಸಿದೆ. ಮೊದಲು ಮುಚ್ಚಳ ಬಿಚ್ಚಿ ಒಳಗಿನ ಯಂತ್ರ ನೋಡಿದ, ಆಮೇಲೆ ಸ್ಟಿಕರು ಓದಿದ, ಆಮೇಲೆ ಜೋಡಿಸಿದ. ನೂರ ಇಪ್ಪತ್ತು ಗ್ರಾಂ ಬಂತು. ಒಂದು ಲೋಟ ನೀರಿನ ತೂಕವೂ ಇಲ್ಲ. ಇಬ್ಬರೂ ತಕ್ಕಡಿಯ ಮುಂದೆ ಕೂತು ಎರಡು ಸಲ ತೂಗಿದೆವು.

ಜೂನ್ 21, ಶನಿವಾರ

ಡಾಕ್ಟರು ದೀಪ ಬಿಟ್ಟು ನೋಡಿ, ಗಂಟು ಕರಗುತ್ತಿದೆ, ಸೋರಿಕೆ ನಿಂತಿದೆ ಎಂದರು. ಇನ್ನು ಬರೆಯುವ ಅಗತ್ಯವಿಲ್ಲ. ಮೊದಲ ಪುಟ ತುಂಬಿಸಿಯಾಯಿತು. ಯಾರಿಗೆ ಏನು ಸಿಕ್ಕಿತು ಎಂದು ಬರೆದು ಪುಸ್ತಕ ಮುಚ್ಚುತ್ತೇನೆ.

ಸ್ಲೈಡಪ್ಪನಿಗೆ ಒಂದು ಫಲಕ, ಇನ್ನೊಂದು ಕಚೇರಿ, ಅದಕ್ಕೆ ಎರಡು ಹೊಸ ಏಸಿ.

ವಿಮಾನದವರಿಗೆ ನೂರ ತೊಂಬತ್ತಾರು ಕಿಲೋ ಲೆಕ್ಕದ ಹೊಗೆ ಬಿಡುವ ಹಕ್ಕು.

ಕತ್ತರಿಗೆ ಪ್ರಮಾಣಪತ್ರ, ಆಸ್ಪತ್ರೆ ಕಟ್ಟಡ. ಮೆಷಿನ್ನು ಬಾಡಿಗೆಗೆ ತಂದಿದ್ದಾನೆ, ಇನ್ನೂ ಪೆಟ್ಟಿಗೆ ಒಡೆದಿಲ್ಲ.

ಹೋಟೆಲ್ಲಿಗೆ ಹೊಸ ಏಸಿಗಳು, ಅವಕ್ಕೆ ಅವುಗಳದೇ ಮುಚ್ಚಳ.

ಎಂಜಿನಿಯರಮ್ಮನಿಗೆ ಕೆಲಸ ಬಿಟ್ಟ ಪತ್ರ, ಸುಡುವ ಕಾರ್ಖಾನೆಯಲ್ಲಿ ಕಮ್ಮಿ ಸಂಬಳದ ಹೊಸ ಕೆಲಸ. ಅಲ್ಲಿ ಸ್ಲೈಡು ಇಲ್ಲವಂತೆ.

ಯಜಮಾನರಿಗೆ ಲಾರಿ, ವಾರಕ್ಕೆರಡು ಸುತ್ತು.

ತಮ್ಮನಿಗೆ ಗೋಡೆಯ ಕತ್ತರಿ. ಮಾರಿದ, ತೂಕಕ್ಕೆ.

ನನಗೆ ಚಿಕ್ಕ ಪರವಾನಗಿ, ಎಲೆಬಳ್ಳಿ ಇಲ್ಲದ್ದು. ದಿನಕ್ಕೆ ಮೂರು ಫ್ರಿಜ್ಜು. ಪೂರ್ತಿ ಬಾಯಿ.

ಹೋಟೆಲ್ಲಿನಿಂದ ಗಾಳಿಗೆ ಹೋಗದೆ ಉಳಿದ ಗ್ಯಾಸು: ನೂರ ಇಪ್ಪತ್ತೆಂಟು ಕಿಲೋ, ಇನ್ನೂರು ಗ್ರಾಂ ಕಮ್ಮಿ. ಇದರ ಲಾಭ ಯಾರ ಹೆಸರಿಗೆ ಬರೆಯಬೇಕೆಂದು ಬಹಳ ಹೊತ್ತು ಕೂತೆ. ಉಸಿರಾಡುವವರಿಗೆಲ್ಲ ಸಮಪಾಲು, ಬೇರೆ ದಾರಿಯೇ ಇಲ್ಲ.

ಸ್ಲೈಡಪ್ಪನಿಗೂ ಒಂದು ಪಾಲು.